ಕೈ ಊರಿದರೆ ಸೊನ್ನೆ

ಕಳೆದ ಮಳೆಗಾಲದ ಹೊತ್ತಿಗೆ, 71 ವರ್ಷದ ನನ್ನ ಅಮ್ಮ ಕುರ್ಚಿಯ ತೋಳುಗಳ ಮೇಲೆ ಎರಡೂ ಕೈ ಊರಿ, ಅರೆಕ್ಷಣ ತಡೆದು, "ಅಯ್ಯಪ್ಪಾ" ಎನ್ನುತ್ತ ಮೇಲೇಳುವುದು ಮನೆಯವರಿಗೆಲ್ಲ ರೂಢಿಯಾಗಿ ಹೋಗಿತ್ತು. ಎಕ್ಸ್-ರೇ ನೋಡಿದ ವೈದ್ಯರು ಮಂಡಿ ಸವೆತ ಎಂದರು. ನೋಡಲು ಬಂದ ನೆಂಟರೆಲ್ಲ ಇನ್ನು ಹೆಚ್ಚು ಓಡಾಡಬೇಡಿ ಎಂದು ಹೇಳಿ ಹೋದರು; ಅಮ್ಮ ಆ ಮಾತನ್ನು ಚಾಚೂ ತಪ್ಪದೆ ಪಾಲಿಸಿದಳು. ಮೊದಲು ಮಹಡಿ ಹತ್ತುವುದು ನಿಂತಿತು, ಆಮೇಲೆ ಬೀದಿಯ ತುದಿಯ ದೇವಸ್ಥಾನ, ಕೊನೆಗೆ ಅಂಗಳದ ರಂಗೋಲಿ.

ಸವೆತ ಎಂಬ ಪದವೇ ಅರ್ಧ ತೊಂದರೆಗೆ ಕಾರಣವೆಂದು ಈಗ ನನಗನ್ನಿಸುತ್ತದೆ. ಆ ಪದ ಕೇಳಿದೊಡನೆ ನಾವು ಮಂಡಿಯನ್ನು ಗಾಡಿಯ ಅಚ್ಚಿನಂತೆ ಭಾವಿಸಿ, ಉರುಳಿದಷ್ಟೂ ತೇಯುತ್ತದೆ, ನಿಲ್ಲಿಸಿದರೆ ಉಳಿಯುತ್ತದೆ ಎಂದುಕೊಳ್ಳುತ್ತೇವೆ. ಆದರೆ ಕೀಲಿನೊಳಗೆ ಮೂಳೆಗಳ ತುದಿಯನ್ನು ಹೊದ್ದಿರುವ ಮೃದ್ವಸ್ಥಿಗೆ ರಕ್ತನಾಳಗಳೇ ಇಲ್ಲ. ನಡೆಯುವಾಗ ಅದು ಒತ್ತಲ್ಪಟ್ಟು ಮತ್ತೆ ಸಡಿಲಗೊಳ್ಳುವುದರಿಂದಲೇ ಕೀಲಿನ ದ್ರವದಲ್ಲಿರುವ ಪೋಷಕಾಂಶ ಅದರೊಳಗೆ ಇಳಿಯುತ್ತದೆ. ಜೊತೆಗೆ, ಕೂತಲ್ಲೇ ಕೂತವರ ತೊಡೆಯ ಮುಂಭಾಗದ ಸ್ನಾಯು ಬೇಗನೆ ಸೊರಗುತ್ತದೆ, ಅದು ಹೊರಬೇಕಾದ ಭಾರವನ್ನೂ ಮಂಡಿಯೇ ಹೊರಬೇಕಾಗುತ್ತದೆ, ನೋವು ಹೆಚ್ಚಾದ ಕಾರಣಕ್ಕೆ ಓಡಾಟ ಇನ್ನಷ್ಟು ಕಡಿಮೆಯಾಗುತ್ತದೆ.

ವ್ಯಾಯಾಮ ಮಾಡಿ ಎಂದು ಯಾರೂ ಹೇಳಿರಲಿಲ್ಲ ಎಂದಲ್ಲ. ಒಂದು ಆಸ್ಪತ್ರೆಯಲ್ಲಿ ಎಂಟು ಚಿತ್ರಗಳಿದ್ದ ಹಾಳೆಯೊಂದನ್ನು ಕೈಗಿಟ್ಟಿದ್ದರು. ಎಷ್ಟು ಸಲ, ಎಷ್ಟು ಹೊತ್ತು, ಯಾವಾಗ ಹೆಚ್ಚಿಸಬೇಕು, ನೋವಾದರೆ ಏನು ಮಾಡಬೇಕು ಎಂಬುದೊಂದೂ ಅದರಲ್ಲಿರಲಿಲ್ಲ. ಮಾತ್ರೆ ಬರೆದುಕೊಡುವಾಗ ಬೆಳಿಗ್ಗೆ ಒಂದು, ರಾತ್ರಿ ಒಂದು, ಊಟದ ನಂತರ ಎಂದು ನಮೂದಿಸುವವರು ವ್ಯಾಯಾಮವನ್ನು ಮಾತ್ರ ಹೀಗೆ ಅಳತೆಯಿಲ್ಲದೆ ಕೊಡುವುದೇಕೋ ತಿಳಿಯದು. ಆ ಹಾಳೆ ಫೈಲಿನಲ್ಲೇ ಉಳಿಯಿತು.

ನಂತರ ಮನೆಗೆ ಆರು ಸಲ ಬಂದುಹೋದ ಫಿಸಿಯೋಥೆರಪಿಸ್ಟ್ ಒಬ್ಬರು ಮೊದಲ ದಿನ ಏನನ್ನೂ ಕಲಿಸದೆ ಬರೀ ಅಳೆದರು. ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡ ಕಟ್ಟಿಕೊಂಡು 30 ಸೆಕೆಂಡುಗಳಲ್ಲಿ ಕುರ್ಚಿಯಿಂದ ಎಷ್ಟು ಸಲ ಪೂರ್ತಿ ಎದ್ದು ನಿಲ್ಲಬಹುದು ಎಂದು ಎಣಿಸುವ ಪರೀಕ್ಷೆ ಅದು. ನಡುವೆ ಕೈ ಊರಿದರೆ ಸೊನ್ನೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಕೋಷ್ಟಕದಂತೆ 70ರಿಂದ 74 ವರ್ಷದ ಹೆಂಗಸರಿಗೆ ಹತ್ತಕ್ಕಿಂತ ಕಡಿಮೆ ಬಂದರೆ ಬೀಳುವ ಅಪಾಯವಿದೆ ಎಂದರ್ಥ. ಅಮ್ಮನಿಗೆ ಬಂದದ್ದು ಸೊನ್ನೆ. ಅವಳಿಗೆ ಅವಮಾನವಾಯಿತು, ಮತ್ತು ಆ ಅವಮಾನವೇ ಮುಂದೆ ಬಹಳ ಕೆಲಸ ಮಾಡಿತು.

ಸಲಕರಣೆಗಳೆಲ್ಲ ಮನೆಯಲ್ಲೇ ಸಿಕ್ಕವು. ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು, ಅದನ್ನು ಹಾಸಿಗೆಗೆ ಒತ್ತಿ ಐದು ಎಣಿಸುವವರೆಗೆ ಹಿಡಿದು ಬಿಡುವುದು, ಹತ್ತು ಸಲ. ಒಂದು ಕಾಲು ಮಡಚಿ ಇನ್ನೊಂದನ್ನು ನೇರವಾಗಿ ಒಂದಡಿ ಎತ್ತುವುದು, ಹತ್ತು ಸಲ. ಮೂರನೆಯ ವಾರದಿಂದ, ಕುರ್ಚಿಯಲ್ಲಿ ಕೂತು ಕಾಲು ಚಾಚುವಾಗ ಕಣಕಾಲಿಗೆ ಅರ್ಧ ಕಿಲೋ ರಾಗಿ ತುಂಬಿದ ಬಟ್ಟೆಚೀಲ. ನನಗೆ ಬಹಳ ಮೆಚ್ಚಿಗೆಯಾದದ್ದು ದಿಂಬಿನ ಉಪಾಯ: ಕುರ್ಚಿ ಎತ್ತರವಾದಷ್ಟೂ ಏಳುವುದು ಹಗುರವಾದ್ದರಿಂದ, ಎರಡು ದಿಂಬು ಹಾಕಿ ಕೈ ಊರದೆ ಏಳುವುದನ್ನು ಮೊದಲು ಕಲಿಸಿ, ತಿಂಗಳಿಗೊಂದರಂತೆ ದಿಂಬು ತೆಗೆಸಿದರು. ನೋವಿಗೂ ಅಳತೆ ಹೇಳಿಕೊಟ್ಟರು. ಹತ್ತರಲ್ಲಿ ಮೂರು ನಾಲ್ಕರಷ್ಟು ನೋವಿದ್ದರೆ ಮುಂದುವರಿಸಬಹುದು, ಆದರೆ ಅದು ಮರುದಿನ ಬೆಳಗಿನೊಳಗೆ ಇಳಿದಿರಬೇಕು. ಇಳಿಯದಿದ್ದರೆ ಎಣಿಕೆ ಕಡಿಮೆ ಮಾಡಬೇಕೇ ಹೊರತು ಬಿಟ್ಟುಬಿಡಬಾರದು. ಕೀಲು ಬಿಸಿಯಾಗಿ ಊದಿಕೊಂಡರೆ, ಮೀನಖಂಡ ಬಾತರೆ, ಎದೆ ನೋವು ಬಂದರೆ ಎಣಿಕೆಯ ಮಾತೇ ಇಲ್ಲ, ನೇರವಾಗಿ ವೈದ್ಯರಲ್ಲಿಗೆ ಹೋಗಬೇಕು. ಇದನ್ನೆಲ್ಲ ನಾನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ.

ಅದೇ ನೋಟ್‌ಬುಕ್ಕಿನಲ್ಲಿ ನನಗೂ ಒಂದು ಪುಟ ಬೇಕಾಗಿ ಬಂತು. ಹತ್ತು ವರ್ಷದಿಂದ ಸಕ್ಕರೆ ಕಾಯಿಲೆಯಿರುವ ನನಗೆ ಎಡಭುಜ ಹಿಡಿದುಕೊಂಡಿತು. ಅಂಗಿಯ ತೋಳಿಗೆ ಕೈ ತೂರಿಸುವುದೂ, ಸ್ನಾನದಲ್ಲಿ ಬೆನ್ನು ಉಜ್ಜಿಕೊಳ್ಳುವುದೂ ಆಗದಾಯಿತು. ಹೀಗೆ ಭುಜ ಬಿಗಿದುಕೊಳ್ಳುವುದಕ್ಕೆ ಫ್ರೋಜನ್ ಶೋಲ್ಡರ್ ಎಂಬ ಹೆಸರನ್ನು ಅಮೆರಿಕದ ಶಸ್ತ್ರವೈದ್ಯ ಅರ್ನೆಸ್ಟ್ ಕಾಡ್‌ಮನ್ 1934ರಲ್ಲಿ ಬಳಕೆಗೆ ತಂದರು, ಸಕ್ಕರೆ ಕಾಯಿಲೆಯವರಲ್ಲಿ ಇದು ಹೆಚ್ಚು. ಕಾಡ್‌ಮನ್ ಹೆಸರಿನಲ್ಲೇ ಇರುವ ವ್ಯಾಯಾಮವೂ ಸುಲಭದ್ದು: ಒಂದು ಕೈಯನ್ನು ಮೇಜಿಗೆ ಊರಿ ಬಾಗಿ, ನೋಯುವ ತೋಳನ್ನು ಜೋತುಬಿಟ್ಟು, ಗಡಿಯಾರದ ಲೋಲಕದಂತೆ ತೂಗುವುದು. ನೋವು ತೀವ್ರವಾಗಿದ್ದಾಗ ಇಷ್ಟೇ ಸಾಕು. ಹಟ ಹಿಡಿದು ಎಳೆದರೆ ಕೆರಳುತ್ತದೆ ಎಂಬುದನ್ನು ನಾನು ಒಂದು ವಾರ ನಿದ್ದೆಗೆಟ್ಟು ಕಲಿತೆ. ನಂತರ ಬೆರಳುಗಳಿಂದ ಗೋಡೆ ಹತ್ತುವುದು ಶುರುವಾಯಿತು. ತಲುಪಿದ ಎತ್ತರಕ್ಕೆ ಪೆನ್ಸಿಲ್ ಗುರುತು ಹಾಕಿದೆ, ಹೊಸದಾಗಿ ಬಣ್ಣ ಬಳಿಸಿದ್ದ ಗೋಡೆಯಾದ್ದರಿಂದ ಹೆಂಡತಿಯ ಕೋಪವನ್ನೂ ಸಹಿಸಿದೆ. ಏಳು ತಿಂಗಳಲ್ಲಿ ಗುರುತು ಒಂದೂಕಾಲು ಅಡಿ ಮೇಲೇರಿದೆ. ಬೆನ್ನಿನ ಹಿಂದೆ ಕೈ ಹೋಗುವುದು ಇನ್ನೂ ಬಾಕಿ.

ಹದಿಮೂರರ ಮಗನದು ಬೇರೆ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಂತೆ ಅವನಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವಷ್ಟು ಆಟ ಬೇಕು. ನನಗೆ ವಾರಕ್ಕೆ ಕನಿಷ್ಠ 150 ನಿಮಿಷ ಚುರುಕು ನಡಿಗೆ ಮತ್ತು ಎರಡು ದಿನ ಸ್ನಾಯು ಬಲದ ವ್ಯಾಯಾಮ. 65 ದಾಟಿದ ಅಮ್ಮನಿಗೆ ಇವುಗಳ ಜೊತೆಗೆ ವಾರಕ್ಕೆ ಮೂರು ದಿನವಾದರೂ ಸಮತೋಲನ ಕಾಯುವ ವ್ಯಾಯಾಮ. ನಮ್ಮ ಕಾಲದಲ್ಲಿ ಮೇಷ್ಟ್ರು ಶಿಕ್ಷೆಯೆಂದು ಹೊಡೆಸುತ್ತಿದ್ದ ಬಸ್ಕಿಯನ್ನು ಮಗ ಈಗ ಅಜ್ಜಿಯ ಎದುರು ತಾನಾಗಿ ಹೊಡೆಯುತ್ತಾನೆ. ಅಜ್ಜಿ ಅಡುಗೆಮನೆಯ ಕಟ್ಟೆ ಹಿಡಿದು, ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸಿ ನಿಂತು ಅವನ ಬಸ್ಕಿಗಳನ್ನು ಎಣಿಸುತ್ತಾಳೆ.

ನಿನ್ನೆ ದಿಂಬಿಲ್ಲದ ಕುರ್ಚಿಯಲ್ಲಿ ಅಮ್ಮನ ಪರೀಕ್ಷೆ ಮತ್ತೆ ನಡೆಯಿತು. ಎಂಟು ಸಲ ಎದ್ದು ಕೂತಳು. ಒಂಬತ್ತನೆಯದಕ್ಕೆ ಅರ್ಧಕ್ಕಿಂತ ಮೇಲೆ ಬಂದಿದ್ದಾಗ 30 ಸೆಕೆಂಡು ಮುಗಿಯಿತು. ಅಷ್ಟು ಎದ್ದಿದ್ದರೆ ಅದನ್ನೂ ಲೆಕ್ಕಕ್ಕೆ ಹಿಡಿಯಬಹುದೆಂದು ಪರೀಕ್ಷೆಯ ನಿಯಮದಲ್ಲೇ ಇರುವುದರಿಂದ ಒಂಬತ್ತು ಎಂದು ಬರೆದೆ. ಅಮ್ಮ ಕನ್ನಡಕ ತರಿಸಿಕೊಂಡು, ಸರಿಯಾಗಿ ಬರೆದಿದ್ದೇನೆಯೇ ಎಂದು ನೋಡಿದಳು.