ಹೆಬ್ಬೆಟ್ಟು ಒತ್ಲಾ, ಬ್ಯಾಡ್ವಾ?

ತುಮಕೂರಿನಲ್ಲಿ ನಾನು ಮೂರು ವರ್ಷದ ಎಲ್‌ಎಲ್‌ಬಿಗೆ ಸೇರಿದ್ದು 2009ರಲ್ಲಿ. ಹುಬ್ಬಳ್ಳಿಯ ಕಾನೂನು ವಿಶ್ವವಿದ್ಯಾಲಯ ಶುರುವಾದದ್ದೂ ಅದೇ ವರ್ಷ. ಅದಕ್ಕೂ ನಾವು ಹೊಸಬರು, ನಮಗೂ ಅದು ಹೊಸದು. ಟೈಮ್‌ಟೇಬಲ್ ಬಂತಾ, ರಿಸಲ್ಟ್ ಬಂತಾ ಅನ್ನೋದರಲ್ಲೇ ಮೊದಲ ವರ್ಷ ಕಳೆಯಿತು.

ತರಗತಿ ಅನ್ನೋದು ಒಂಥರಾ ಸಂತೆ. ಶಿರಾ, ಗುಬ್ಬಿ, ಕೊರಟಗೆರೆ ಬಸ್ಸುಗಳಲ್ಲಿ ನೇತಾಡಿಕೊಂಡು ಬರುವವರು, ಡಿಗ್ರಿ ಮುಗಿಸಿ ಬೇರೇನೂ ತೋಚದೆ ಸೇರಿದ ನನ್ನಂಥವರು, ಜೊತೆಗೆ ಒಬ್ಬರು ನಿವೃತ್ತ ಶಿರಸ್ತೇದಾರರು. ಮೊದಲ ದಿನ ಅವರು ಒಳಗೆ ಬಂದಾಗ ನಾವೆಲ್ಲ ಎದ್ದು ನಿಂತೆವು. ಅವರು ಗಾಬರಿಯಾಗಿ ಹಿಂದೆ ತಿರುಗಿ ನೋಡಿದರು, ಮೇಷ್ಟ್ರು ಬಂದರೇನೋ ಅಂತ! ಆಮೇಲೆ ಅವರು ಎಲ್ಲರಿಗೂ ತಾತ.

ಅಣಕು ನ್ಯಾಯಾಲಯಕ್ಕೆ ನಮ್ಮ ಗುಂಪಿನಲ್ಲಿ ಇದ್ದದ್ದು ಒಂದೇ ಕರಿಕೋಟು. ವಾದಿ ಪರ ವಾದಿಸಿದವನು ಅದನ್ನು ಬಾಗಿಲ ಹಿಂದೆ ಬಿಚ್ಚಿ ಪ್ರತಿವಾದಿ ಪರ ವಕೀಲನಿಗೆ ತೊಡಿಸಬೇಕು. ನನ್ನ ಸರದಿ ಬರುವಷ್ಟರಲ್ಲಿ ಕಂಕುಳು ಒದ್ದೆ. ಸೋತವರು ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಕೊಡಿಸಬೇಕಿತ್ತು. ನಾನು ಜಾಸ್ತಿ ಸಲ ಕೊಡಿಸಿದ್ದೇನೆ, ಬಿಡಿ.

ಆದರೆ ನನಗೆ ಮರೆಯದೇ ಇರೋದು 2011ರ ಕಾನೂನು ಅರಿವು ಶಿಬಿರ. ಗುಬ್ಬಿ ಕಡೆಯ ಒಂದು ಹಳ್ಳಿ, ಶಾಲೆಯ ಜಗಲಿ. ಭಾಷಣಗಳೆಲ್ಲ ಮುಗಿದು ಜನ ಏಳುತ್ತಿದ್ದರು. ಒಬ್ಬ ಹೆಂಗಸು ಸೆರಗಿನ ತುದಿ ಸುತ್ತಿಕೊಳ್ಳುತ್ತಾ ನನ್ನ ಹತ್ತಿರ ಬಂದರು.

"ನಮ್ಮಣ್ಣ ಪೇಪರ್ ತಂದವ್ನೆ ಸಾ. ಒತ್ಲಾ, ಬ್ಯಾಡ್ವಾ?"

ಅವರ ಅಜ್ಜನ ಕಾಲದ ಜಮೀನು, ಒಂದಷ್ಟು ತೆಂಗಿನ ಮರ. ನಾನು ಪರೀಕ್ಷೆಗೆ ಉರು ಹೊಡೆದಿದ್ದನ್ನು ಒಪ್ಪಿಸಿದೆ: ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿಯಾದ ಮೇಲೆ ಮಗಳಿಗೂ ಮಗನಷ್ಟೇ ಪಾಲು.

ತಾತ ನನ್ನ ಭುಜ ಮುಟ್ಟಿ ಮುಂದೆ ಬಂದರು. "ನಿಮ್ಮಪ್ಪ ಅವ್ರಾ ತಾಯಿ?"

"ಹೋಗಿ ಹತ್ತು ವರ್ಷ ಆಯ್ತು."

"ಮದುವೆ ಆಗಿದ್ದು ಯಾವಾಗ?"

"ಯಾವ ಇಸ್ವಿನೋ. ದೊಡ್ಡವನಿಗೆ ಹದಿನೆಂಟು ತುಂಬ್ತು."

ನನಗೆ ಆಗ ಲೆಕ್ಕ ಹೊಳೆಯಿತು. ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟ ನಮ್ಮ ರಾಜ್ಯದ ತಿದ್ದುಪಡಿ ಜಾರಿಯಾದದ್ದು 1994ರ ಜುಲೈನಲ್ಲಿ. ಅದಕ್ಕೆ ಮೊದಲೇ ಮದುವೆಯಾದವರಿಗೆ ಅದು ಸಿಗದು. ಇವರ ಮದುವೆ ಅದಕ್ಕೂ ಮುಂಚೆ. ಇನ್ನು 2005ರದ್ದು ಅನ್ವಯಿಸಬೇಕಾದರೆ ಅಪ್ಪ ಆಗ ಬದುಕಿರಬೇಕಾ? ಅದೇ ಆಗಿನ ತಕರಾರು. ಈ ಎರಡು ಪ್ರಶ್ನೆ ಕೇಳಬೇಕು ಅಂತ ನನಗೆ ತೋಚಿರಲೇ ಇಲ್ಲ.

"ಪಾಲಂತೂ ಐತೆ ತಾಯಿ," ಅಂದರು ತಾತ. "ಅಣ್ಣನಷ್ಟೋ ಕಮ್ಮಿನೋ, ಅದನ್ನ ಕೋರ್ಟು ಹೇಳ್ಬೇಕು. ಓದಿಸ್ಕೊಳ್ದೆ ಮಾತ್ರ ಒತ್ಬೇಡ." ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ ಆದಾಯ ಕೇಳದೆ ಪುಕ್ಕಟೆ ವಕೀಲರನ್ನು ಕೊಡುತ್ತಾರೆ ಅಂತಲೂ ಹೇಳಿದರು.

"ಕೋರ್ಟಿಗೋದ್ರೆ ತವರಿನ ಬಾಗ್ಲು ಮುಚ್ತದಲ್ಲ ಸ್ವಾಮಿ?"

ತಾತ ಸುಮ್ಮನಾದರು. ಟೆಂಪೋದಲ್ಲಿ ವಾಪಸ್ ಬರುವಾಗ ಹುಡುಗರು ಅಂತ್ಯಾಕ್ಷರಿ ಶುರು ಮಾಡಿದರೂ ಅವರು ಬಾಯಿ ಬಿಡಲಿಲ್ಲ.

ಆ ತಕರಾರು ಬಗೆಹರಿಯಲು ಎಷ್ಟು ವರ್ಷ ಬೇಕಾಯಿತು ನೋಡಿ. ತಿದ್ದುಪಡಿ ಜಾರಿಯಾದ 2005ರ ಸೆಪ್ಟೆಂಬರ್ 9ರಂದು ಅಪ್ಪ, ಮಗಳು ಇಬ್ಬರೂ ಬದುಕಿರಬೇಕು ಅಂತ ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿತು. 2020ರ ಆಗಸ್ಟ್‌ನಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ತಿರುಗಿಸಿತು: ಹಕ್ಕು ಹುಟ್ಟಿನಿಂದಲೇ ಬರುತ್ತದೆ, ಅಪ್ಪ ಆ ದಿನ ಬದುಕಿರಲೇಬೇಕು ಅಂತಿಲ್ಲ.

ಅವತ್ತೇ ಸಂಜೆ ತಾತನಿಗೆ ಫೋನ್ ಮಾಡಿದೆ. ಕಿವಿ ಮಂದವಾಗಿತ್ತು, ಎರಡೆರಡು ಸಲ ಕೂಗಿ ಹೇಳಬೇಕಾಯಿತು. ಪೂರ್ತಿ ಕೇಳಿಸಿಕೊಂಡರು. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಕೇಳಿದರು:

"ಆಯಮ್ಮ ಒತ್ತಿಬಿಟ್ಲಾ ಏನ್ ಕತೆನೋ?"