ಫ್ಲ್ಯಾಷ್‌ನೊಳಗಿನ ಹಳದಿ ಚುಕ್ಕೆ

2025 ಮಾರ್ಚ್ 9, ಭಾನುವಾರ

ಬೆಳಿಗ್ಗೆ ಮೊಬೈಲಿನ ಬೆನ್ನು ಒರೆಸುತ್ತಿದ್ದಾಗ ಕ್ಯಾಮೆರಾದ ಪಕ್ಕದಲ್ಲಿರುವ ಫ್ಲ್ಯಾಷ್ ದೀಪದ ಮೇಲೆ ಕಣ್ಣು ನಿಂತಿತು. ಆರಿದ್ದಾಗ ಅದು ಅಚ್ಚ ಹಳದಿ, ಉರಿಸಿದರೆ ಬಿಳಿ. ದಿನವೂ ಕೈಯಲ್ಲಿ ಹಿಡಿಯುವ ವಸ್ತುವಿನ ಬಗ್ಗೆ ಈ ಪ್ರಶ್ನೆ ಇಷ್ಟು ವರ್ಷ ಹೊಳೆಯದೇ ಇದ್ದುದು ಅಚ್ಚರಿ. ಆಮೇಲೆ ಇಡೀ ದಿನ ಅದರ ಹಿಂದೆಯೇ ಹೋಯಿತು.

ತಾನಾಗಿಯೇ ಬಿಳಿ ಬೆಳಕು ಚೆಲ್ಲುವ ಎಲ್‌ಇಡಿ ಚಿಪ್ ಇಲ್ಲ. ಒಂದು ಅರೆವಾಹಕ (ಸೆಮಿಕಂಡಕ್ಟರ್) ಹೊಮ್ಮಿಸುವುದು ಒಂದು ಕಿರಿದಾದ ಬಣ್ಣವನ್ನು ಮಾತ್ರ. ಫ್ಲ್ಯಾಷ್‌ನೊಳಗೆ ಇರುವುದು ಸುಮಾರು 450 ನ್ಯಾನೊಮೀಟರ್ ತರಂಗಾಂತರದ ನೀಲಿ ಎಲ್‌ಇಡಿ. ಅದರ ಮೇಲೆ ಫಾಸ್ಫರ್ ಎಂಬ ಪುಡಿಯ ಲೇಪನ. ಸಾಮಾನ್ಯವಾಗಿ ಸೀರಿಯಂ ಬೆರೆಸಿದ ಯಿಟ್ರಿಯಂ ಅಲ್ಯೂಮಿನಿಯಂ ಗಾರ್ನೆಟ್. ಈ ಪುಡಿ ನೀಲಿಯ ಒಂದು ಪಾಲನ್ನು ನುಂಗಿ ಹಳದಿಯಾಗಿ ಹೊರಬಿಡುತ್ತದೆ, ಉಳಿದ ನೀಲಿ ಹಾಗೆಯೇ ಹಾದುಬರುತ್ತದೆ. ನೀಲಿ, ಹಳದಿ ಬಣ್ಣಗಳನ್ನು ಕಲಸಿದರೆ ಹಸಿರು; ಬೆಳಕಾಗಿ ಬೆರೆತರೆ ಕಣ್ಣಿಗೆ ಬಿಳಿ. ದೀಪ ಆರಿದ್ದಾಗಲೂ ಪುಡಿಯ ಸ್ವಭಾವ ಬದಲಾಗುವುದಿಲ್ಲ: ಕೋಣೆಯ ಬೆಳಕಿನಲ್ಲಿರುವ ನೀಲಿಯನ್ನು ಅದು ನುಂಗುತ್ತದೆ, ನಮಗೆ ಹಳದಿ ಕಾಣುತ್ತದೆ.

ಓದಿದ್ದು ಸಾಲದೆನಿಸಿ ಹಳೆಯ ಸಿಡಿಯೊಂದನ್ನು ಹುಡುಕಿ ತೆಗೆದೆ. ಅದರ ನುಣುಪು ಮೈಯಲ್ಲಿರುವ ಸೂಕ್ಷ್ಮ ಗೆರೆಗಳು ಬೆಳಕನ್ನು ಬಣ್ಣಗಳಾಗಿ ಬಿಡಿಸುತ್ತವೆ. ಕೋಣೆಯನ್ನು ಕತ್ತಲು ಮಾಡಿ ಮೊದಲು ಮೇಣದಬತ್ತಿ ಹಚ್ಚಿದೆ. ಕೆಂಪಿನಿಂದ ನೇರಳೆಯವರೆಗೆ ಎಲ್ಲಿಯೂ ಕಡಿಯದ ಹರಿವು. ಕೆಂಪಿನ ಕಡೆ ದಟ್ಟ, ನೀಲಿಯ ಕಡೆ ತೆಳು. ಬತ್ತಿ ಆರಿಸಿ ಮೊಬೈಲಿನ ದೀಪ ಹಿಡಿದೆ. ಸಿಡಿಯನ್ನು ಓರೆ ಮಾಡುತ್ತ ಹೋದಂತೆ ಒಂದು ತೀಕ್ಷ್ಣವಾದ ನೀಲಿ ತುಂಡು ಬಂತು, ಅದರ ಪಕ್ಕದಲ್ಲಿ ಮಬ್ಬು ಸಂದು, ಅದನ್ನು ದಾಟಿದ ಮೇಲೆ ಹಸಿರು, ಹಳದಿ, ಕೆಂಪುಗಳ ಅಗಲವಾದ ಪಟ್ಟಿ. ನೀಲಿ ಚಿಪ್‌ನ ಪಾಲು, ಪುಡಿಯ ಪಾಲು, ನಡುವೆ ಯಾರೂ ತುಂಬದ ಜಾಗ! ನಾನು ಬಿಳಿ ಎಂದುಕೊಂಡಿದ್ದರಲ್ಲಿ ಇಷ್ಟು ದೊಡ್ಡ ಕಿಂಡಿ ಇತ್ತು. ಮತ್ತೆ ಮತ್ತೆ ನೋಡಿದೆ.

ಈ ನೀಲಿ ಸುಲಭಕ್ಕೆ ದಕ್ಕಲಿಲ್ಲ. ನಿಕ್ ಹೊಲೊನ್ಯಾಕ್ ಕೆಂಪು ಎಲ್‌ಇಡಿ ಮಾಡಿದ್ದು 1962ರಲ್ಲಿ. ಪ್ರಖರವಾದ ನೀಲಿಗೆ ಇನ್ನೂ ಮೂವತ್ತು ವರ್ಷ ಬೇಕಾಯಿತು. ಅದಕ್ಕೆ ಬೇಕಾದ ಗ್ಯಾಲಿಯಂ ನೈಟ್ರೈಡ್ ಒಳ್ಳೆಯ ಹರಳಾಗಿ ಬೆಳೆಯುತ್ತಿರಲಿಲ್ಲ. ಇಸಾಮು ಅಕಾಸಾಕಿ ಮತ್ತು ಹಿರೋಶಿ ಅಮಾನೊ 1986ರಲ್ಲಿ ಆ ತೊಡಕು ಬಿಡಿಸಿದರು. ಎಲ್‌ಇಡಿಗೆ ಋಣ ಮಾದರಿಯ ಪದರದ ಜೊತೆಗೆ ಧನ ಮಾದರಿಯ, ಅಂದರೆ ಎಲೆಕ್ಟ್ರಾನ್‌ಗಳ ಕೊರತೆಯಿರುವ, ಪದರವೂ ಬೇಕು. ಆದರೆ ಮೆಗ್ನೀಸಿಯಂ ಬೆರೆಸಿದರೂ ಅದು ಧನ ಮಾದರಿಯ ಅರೆವಾಹಕವಾಗಲು ಒಪ್ಪುತ್ತಿರಲಿಲ್ಲ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗೆ ಇಟ್ಟ ಹರಳು ಹೆಚ್ಚು ಹೊಳೆಯುವುದನ್ನು ಗಮನಿಸಿ, ಅದೇ ಸುಳಿವು ಹಿಡಿದು ಅವರು ಗೆದ್ದರು. ಹೈಡ್ರೋಜನ್ ಮೆಗ್ನೀಸಿಯಂ ಅನ್ನು ಕಟ್ಟಿಹಾಕಿತ್ತು, ಬಿಸಿ ಮಾಡಿದರೂ ಬಿಡುಗಡೆಯಾಗುತ್ತದೆ ಎಂದು ತೋರಿಸಿದ್ದು ಶುಜಿ ನಕಾಮುರಾ. ಮೂವರಿಗೂ 2014ರ ಭೌತಶಾಸ್ತ್ರದ ನೊಬೆಲ್ ಸಂದಿತು. ಹೊಳಪು ಹೆಚ್ಚಿದ್ದನ್ನು ಗಮನಿಸಿ ಸುಮ್ಮನಾಗದೆ ಇದ್ದ ಆ ಕಣ್ಣುಗಳ ಬಗ್ಗೆ ನನಗೆ ಅಪಾರ ಗೌರವ.

ರಾತ್ರಿ ಮೊಬೈಲಿಗೆ ಚಾರ್ಜರ್ ಸಿಕ್ಕಿಸುವಾಗ ಅದರ ಮೇಲೆಯೂ ಗ್ಯಾಲಿಯಂ ನೈಟ್ರೈಡ್‌ನ ಹೆಸರಿನ ಚಿಕ್ಕ ರೂಪ ಕಂಡಿತು! ಎಲೆಕ್ಟ್ರಾನ್ ಏರಬೇಕಾದ ಶಕ್ತಿಯ ಮೆಟ್ಟಿಲು ಸಿಲಿಕಾನ್‌ನಲ್ಲಿ ಸುಮಾರು 1.1 ಎಲೆಕ್ಟ್ರಾನ್ ವೋಲ್ಟ್, ಗ್ಯಾಲಿಯಂ ನೈಟ್ರೈಡ್‌ನಲ್ಲಿ ಸುಮಾರು 3.4. ಎತ್ತರದಿಂದ ಇಳಿದರೆ ನೀಲಿಯಂಥ ಹೆಚ್ಚು ಶಕ್ತಿಯ ಬೆಳಕು ಬರಬಲ್ಲದು. ಮೆಟ್ಟಿಲು ಎತ್ತರವಾದ್ದರಿಂದಲೇ ತೆಳುವಾದ ಪದರವೂ ಹೆಚ್ಚಿನ ವೋಲ್ಟೇಜ್ ತಾಳುತ್ತದೆ. ಸ್ವಿಚ್ಚಾಗಿ ಅತಿ ವೇಗವಾಗಿ ಕೆಲಸ ಮಾಡುವುದರಿಂದ ಒಳಗಿನ ಟ್ರಾನ್ಸ್‌ಫಾರ್ಮರ್ ಪುಟ್ಟದಾದರೂ ಸಾಕು. ಹಳೆಯ ಚಾರ್ಜರಿನ ಪಕ್ಕದಲ್ಲಿ ಇಟ್ಟು ನೋಡಿದೆ, ಅರ್ಧದಷ್ಟೂ ಇಲ್ಲ.

ಸಿಡಿಯನ್ನು ಮೇಜಿನ ಮೇಲೆಯೇ ಬಿಟ್ಟಿದ್ದೇನೆ. ನಾಳೆ ಟ್ಯೂಬ್‌ಲೈಟಿನ ಬೆಳಕಿಗೆ ಹಿಡಿಯಬೇಕು. ಅದರೊಳಗಿನ ಪಾದರಸದ ಆವಿ ಹೊಮ್ಮಿಸುವ ಬಣ್ಣದ ಗೆರೆಗಳು ಬಿಡಿಬಿಡಿಯಾಗಿ ಕಾಣಬೇಕು.