ಆ ಹೊಟ್ಟೆ ಬುದ್ಧನದಲ್ಲ

ನಾನು ಬೌದ್ಧ ಧರ್ಮದ ಚರಿತ್ರೆ ಓದುತ್ತೇನೆ ಅಂತ ಗೊತ್ತಾದರೆ ಸಾಕು, ಜನ ಲಾಫಿಂಗ್ ಬುದ್ಧನನ್ನು ತೋರಿಸಿ ಕೇಳುತ್ತಾರೆ: "ಉಪವಾಸ ಮಾಡಿದ ಬುದ್ಧನಿಗೆ ಇಷ್ಟು ಹೊಟ್ಟೆ ಹೇಗೆ ಬಂತು?"

ಬರಲೇ ಇಲ್ಲ. ಅವನು ಬುದ್ಧನೇ ಅಲ್ಲ. ಚೀನಾದ ಸನ್ಯಾಸಿ, 10ನೇ ಶತಮಾನದವನು ಅಂತ ಅಲ್ಲಿಯ ಕಥೆಗಳು ಹೇಳುತ್ತವೆ. ಹೆಸರು ಬುದೈ, ಅಂದರೆ ಬಟ್ಟೆಯ ಚೀಲ. ಹೆಗಲಿಗೆ ಚೀಲ ಹಾಕಿಕೊಂಡು ಬೇಡಿ ತಿನ್ನುತ್ತಿದ್ದ. ಮುಂದೆ ಹುಟ್ಟಿಬರಬೇಕಾದ ಬುದ್ಧ ಮೈತ್ರೇಯ ಇವನೇ ಅಂತ ಆಮೇಲೆ ಜನ ನಂಬಿದರು. ಜಪಾನಿನಲ್ಲಿ ಹೋತೆಯ್ ಆಗಿ, ಏಳು ಅದೃಷ್ಟ ದೇವರುಗಳಲ್ಲಿ ಸೇರಿಕೊಂಡ. ಭಿಕ್ಷೆ ಎತ್ತಿದವನ ಹೊಟ್ಟೆ ಸವರಿ ದುಡ್ಡು ಕೇಳುತ್ತೀರಲ್ಲ, ಏನನ್ನೋಣ?

ಒಂದು ಗೃಹಪ್ರವೇಶದ ಪಂಕ್ತಿಯಲ್ಲಿ ಚಿಕ್ಕಪ್ಪನಿಗೆ ಇದನ್ನೆಲ್ಲ ಹೇಳಿದೆ. ಅವರ ಕೈಯಲ್ಲಿ ಉಡುಗೊರೆ ಬಂದ ಗೊಂಬೆ ಇತ್ತು. ತಲೆ ಆಡಿಸಿದರು. ನನಗೆ ಹುಮ್ಮಸ್ಸು ಬಂತು. ಯಾರೂ ಕೇಳದ ಪ್ರಶ್ನೆಗೂ ಉತ್ತರ ಶುರು ಮಾಡಿದೆ: ಬುದ್ಧನ ಮಾತು ಚೀನೀ ಭಾಷೆಗೆ ಹೋಗಿದ್ದಾದರೂ ಹೇಗೆ?

ಕುಮಾರಜೀವ ಅಂತ ಒಬ್ಬ ಬೌದ್ಧ ಭಿಕ್ಷು ಇದ್ದ, ಚಿಕ್ಕಪ್ಪ. ಅಪ್ಪ ಭಾರತದವನು, ಅಮ್ಮ ಮಧ್ಯ ಏಷ್ಯಾದ ಕೂಚಾದ ರಾಜಮನೆತನದವಳು. ಚೀನಾದ ಸೈನ್ಯ ಕೂಚಾ ಗೆದ್ದು ಇವನನ್ನು ಹಿಡಿದುಕೊಂಡು ಹೋಯಿತು. 15 ವರ್ಷಕ್ಕೂ ಜಾಸ್ತಿ ಒಂದು ಗಡಿಯೂರಲ್ಲಿ ಇಟ್ಟುಕೊಂಡರು. ಚೀನೀ ಕಲಿಯಲು ಅಷ್ಟು ಸಮಯ ಸಿಕ್ಕಿತು ಅನ್ನಿ. 401ರಲ್ಲಿ ರಾಜಧಾನಿ ಚಾಂಗಾನ್‌ಗೆ ಬಂದ. ನೂರಾರು ಭಿಕ್ಷುಗಳನ್ನು ಕೂರಿಸಿಕೊಂಡು, ಒಂದೊಂದು ಪದಕ್ಕೂ ವಾದ ಮಾಡುತ್ತಾ ಅನುವಾದಿಸಿದ. 406ರಲ್ಲಿ ಸದ್ಧರ್ಮ ಪುಂಡರೀಕ ಅನ್ನೋ ಬೌದ್ಧ ಗ್ರಂಥದ ಅನುವಾದ ಮುಗಿಯಿತು. ಅವನು ಅನುವಾದಿಸಿದ ಇನ್ನೊಂದು ಗ್ರಂಥ ವಜ್ರಸೂತ್ರವನ್ನು 868ರಲ್ಲಿ ಅಚ್ಚು ಹಾಕಿದರು. ಆ ಪ್ರತಿ ಇವತ್ತಿಗೂ ಲಂಡನ್ನಿನಲ್ಲಿದೆ.

ಇಷ್ಟು ಮಾಡಿದವನು ಅನುವಾದದ ಬಗ್ಗೆ ಏನಂದ ಗೊತ್ತಾ? ಅನ್ನ ಅಗಿದು ಇನ್ನೊಬ್ಬರ ಬಾಯಿಗೆ ಹಾಕಿದ ಹಾಗೆ, ರುಚಿ ಹೋಗುವುದಷ್ಟೇ ಅಲ್ಲ, ವಾಕರಿಕೆಯೂ ಬರುತ್ತದೆ ಅಂದ. ಒಂದೇ ಒಂದು ಪುಟ ಅನುವಾದ ಮಾಡಲು ಕೂತು ಎದ್ದುಬಂದ ನನಗೆ ಆ ಮಾತು ಚೆನ್ನಾಗಿ ಗೊತ್ತು.

ಊಟದ ಹೊತ್ತಲ್ಲಿ ಹೇಳಬಾರದಿತ್ತೇನೋ. ಚಿಕ್ಕಪ್ಪ ಹೋಳಿಗೆ ಪಕ್ಕಕ್ಕೆ ಸರಿಸಿದರು. "ಅದೆಲ್ಲ ಸರಿ ಕಣೋ, ಇವನ ಮುಖ ಯಾವ ದಿಕ್ಕಿಗೆ ಇಡಬೇಕು?"

"ಅಡುಗೆಮನೆ ಕಡೆ" ಅಂದೆ, ಸಿಟ್ಟಿನಲ್ಲಿ.

ಹಾಗೇ ಇಟ್ಟರು. ಈಗ ಯಾರು ಮನೆಗೆ ಬಂದರೂ, ಚರಿತ್ರೆ ಓದಿದವನು ಹೇಳಿದ್ದು ಅಂತ ನನ್ನ ಹೆಸರು ಹೇಳುತ್ತಾರೆ.